‘ಸೆಟ್’ ಅಂದರೆ ಏನೇನು? ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು

ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳಿಗೆ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಉದ್ದುದ್ದ ಪದಗಳಿಗೆ ಮಕ್ಕಳು ಹೆದರುವುದಿಲ್ಲ. ‘ಫೋಟೊಸಿಂಥೆಸಿಸ್’ ಬಂದರೆ ಅದರ ಅರ್ಥ ಒಂದೇ, ಕಲಿತರೆ ಮುಗಿಯಿತು. ಅವರು ಎಡವುವುದು ಮೂರಕ್ಷರದ ಪುಟ್ಟ ಪದಗಳಲ್ಲಿ. ಅದರಲ್ಲೂ ‘ಸೆಟ್’ ಬಂದರೆ ಪೆನ್ನು ನಿಂತುಬಿಡುತ್ತದೆ. ಒಂದು ಸಾಲಲ್ಲಿ ಸೂರ್ಯ ಮುಳುಗುತ್ತಾನೆ, ಇನ್ನೊಂದರಲ್ಲಿ ಬೆಂಕಿ ಹತ್ತುತ್ತದೆ, ಮತ್ತೊಂದರಲ್ಲಿ ಯಾರೋ ಪ್ರಯಾಣ ಹೊರಡುತ್ತಾರೆ. ಎಲ್ಲ ಕಡೆ ಅದೇ ‘ಸೆಟ್’. ಮಕ್ಕಳೂ ಅವರ ಅಪ್ಪ ಅಮ್ಮಂದಿರೂ ಈ ಪದದ ಬಗ್ಗೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಇಷ್ಟು ಚಿಕ್ಕ ಪದಕ್ಕೆ ನಿಜವಾಗಿ ಎಷ್ಟು ಅರ್ಥಗಳಿವೆ?

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿ 1989ರಲ್ಲಿ 20 ಸಂಪುಟಗಳಲ್ಲಿ ಬಂತು. ಅದರಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಇದ್ದದ್ದು ‘ಸೆಟ್’ ಕ್ರಿಯಾಪದಕ್ಕೆ. ಸುಮಾರು 430 ಅರ್ಥಗಳು, ಹತ್ತಿರ ಹತ್ತಿರ 60,000 ಪದಗಳ ವಿವರಣೆ. ಒಂದು ಪದಕ್ಕೇ ಒಂದು ಪುಸ್ತಕ ಆಗುವಷ್ಟು. ಆಮೇಲೆ ನಿಘಂಟನ್ನು ಪರಿಷ್ಕರಿಸುತ್ತಾ ಹೋದಾಗ ‘ರನ್’ ಅನ್ನುವ ಕ್ರಿಯಾಪದ 645 ಅರ್ಥಗಳೊಂದಿಗೆ ಮುಂದೆ ಹೋಯಿತು.

ಈ ಸಂಖ್ಯೆ ನೋಡಿ ಗಾಬರಿ ಬೇಡ. ಇದರಲ್ಲಿ ನೂರಾರು ವರ್ಷ ಹಿಂದೆ ಬಳಕೆ ತಪ್ಪಿದ ಅರ್ಥಗಳಿವೆ. ಹಡಗಿನವರು, ಬಡಗಿಗಳು, ಅಚ್ಚುಕೂಟದವರು ಮಾತ್ರ ಬಳಸುವ ಅರ್ಥಗಳಿವೆ. ಪೇಪರ್ ಓದಲು, ಪರೀಕ್ಷೆ ಬರೆಯಲು, ಕೆಲಸದ ಜಾಗದಲ್ಲಿ ಮಾತಾಡಲು ಇಪ್ಪತ್ತು ಮೂವತ್ತು ಅರ್ಥ ಗೊತ್ತಿದ್ದರೆ ಧಾರಾಳ.

ಅಷ್ಟನ್ನೂ ಬಾಯಿಪಾಠ ಮಾಡಬೇಕಾ?

ಬೇಡವೇ ಬೇಡ. ಬಾಯಿಪಾಠ ಮಾಡಿದ್ದು ಪರೀಕ್ಷೆ ಮುಗಿದ ಮಾರನೇ ದಿನ ಹೋಗಿಬಿಡುತ್ತದೆ. ಕನ್ನಡ ಬಲ್ಲವರ ಕೈಯಲ್ಲಿ ಇದಕ್ಕೆ ಒಂದು ಒಳ್ಳೆಯ ಕೀಲಿಕೈ ಇದೆ. ಅದು ‘ಕೂರಿಸು’ ಅನ್ನುವ ಪದ.

ನಮ್ಮ ವ್ಯಾಕರಣದಲ್ಲಿ ‘ಇಸು’ ಪ್ರತ್ಯಯ ಹೇಳಿಕೊಟ್ಟಿದ್ದು ನೆನಪಿದೆಯಾ? ಕೂರು, ಕೂರಿಸು. ಬೀಳು, ಬೀಳಿಸು. ಏಳು, ಏಳಿಸು. ಹಳೆಯ ಇಂಗ್ಲಿಷಿನಲ್ಲೂ ಇಂಥ ಜೋಡಿಗಳಿದ್ದವು. ಅವರು ಕೊನೆಗೆ ಪ್ರತ್ಯಯ ಸೇರಿಸುವ ಬದಲು ಒಳಗಿನ ಸ್ವರ ಬದಲಿಸುತ್ತಿದ್ದರು. ‘ಸಿಟ್’ ಅಂದರೆ ಕೂರು, ‘ಸೆಟ್’ ಅಂದರೆ ಕೂರಿಸು. ಬೀಳುವುದಕ್ಕೆ ‘ಫಾಲ್’, ಮರ ಬೀಳಿಸುವುದಕ್ಕೆ ‘ಫೆಲ್’. ಏಳುವುದಕ್ಕೆ ‘ರೈಸ್’, ಏಳಿಸುವುದಕ್ಕೆ ‘ರೇಸ್’. ಇವೆಲ್ಲ ಒಂದೇ ಬಗೆಯ ಜೋಡಿಗಳು. ಜರ್ಮನ್ ಭಾಷೆಯಲ್ಲಿ ಇವತ್ತಿಗೂ ‘ಸಿಟ್ಸೆನ್’ ಮತ್ತು ‘ಸೆಟ್ಸೆನ್’ ಅಂತ ಎರಡೂ ಇವೆ.

ಈಗ ನಾವು ಏನೇನು ಕೂರಿಸುತ್ತೇವೆ ನೋಡಿ. ಅಕ್ಕಸಾಲಿ ಉಂಗುರಕ್ಕೆ ಹರಳು ಕೂರಿಸುತ್ತಾನೆ. ಇಂಗ್ಲಿಷಿನವರು ಅದಕ್ಕೆ ‘ಸೆಟ್’ ಅನ್ನುತ್ತಾರೆ. ಕೈ ಮುರಿದರೆ ಮೂಳೆ ಕೂರಿಸುತ್ತಾರೆ. ಅದಕ್ಕೂ ‘ಸೆಟ್’. ಕೋಳಿಯನ್ನು ಕಾವಿಗೆ ಕೂರಿಸುತ್ತೇವೆ. ಅಲ್ಲೂ ಅವರ ಮಾತು ‘ಸೆಟ್ ಎ ಹೆನ್’. ಮೊದಲ ಸಲ ಇದನ್ನು ನಿಘಂಟಿನಲ್ಲಿ ನೋಡಿದಾಗ ನನಗೆ ತುಂಬಾ ಖುಷಿಯಾಗಿತ್ತು. ಸಾವಿರಾರು ಮೈಲಿ ದೂರದ ಇಬ್ಬರು ರೈತರು ಕೋಳಿಯ ಬಗ್ಗೆ ಒಂದೇ ಥರ ಯೋಚನೆ ಮಾಡಿದ್ದಾರೆ!

ಒಂದು ಎಚ್ಚರಿಕೆ ಇದೆ. ನಾವು ಕೂರಿಸುವುದೆಲ್ಲ ಅವರಿಗೆ ‘ಸೆಟ್’ ಆಗುವುದಿಲ್ಲ. ಭಾದ್ರಪದದಲ್ಲಿ ಗಣಪತಿ ಕೂರಿಸುತ್ತೇವೆ, ದಸರೆಗೆ ಗೊಂಬೆ ಕೂರಿಸುತ್ತೇವೆ. ಗಣಪತಿಗೆ ಇಂಗ್ಲಿಷಿನಲ್ಲಿ ‘ಇನ್‌ಸ್ಟಾಲ್’ ಅನ್ನಬೇಕು. ಗೊಂಬೆಗೆ ‘ಅರೇಂಜ್’ ಅಥವಾ ‘ಸೆಟ್ ಅಪ್’ ಸರಿಹೋಗುತ್ತದೆ.

ಸೂರ್ಯ ಮುಳುಗುವುದಕ್ಕೂ ಸಿಮೆಂಟು ಗಟ್ಟಿಯಾಗುವುದಕ್ಕೂ ಒಂದೇ ಪದ ಯಾಕೆ?

ಎರಡರಲ್ಲೂ ಏನೋ ಒಂದು ಹೋಗಿ ತನ್ನ ಜಾಗದಲ್ಲಿ ಕೂರುತ್ತದೆ. ಸೂರ್ಯ ಇಡೀ ದಿನ ನಡೆದು ಪಡುವಣದಲ್ಲಿ ಕೆಳಗಿಳಿದು ಕೂರುತ್ತಾನೆ. ನಾವು ಮುಳುಗಿದ ಅಂತೀವಿ, ಕಂತಿದ ಅಂತೀವಿ. ಆಗುಂಬೆಯಲ್ಲಿ ನಿಂತು ನೋಡಿದವರಿಗೆ ಮೂರೂ ಮಾತು ಸರಿ ಅನ್ನಿಸುತ್ತದೆ.

ಸಿಮೆಂಟು, ಮೊಸರು, ಜೆಲ್ಲಿ ಇವು ನೀರಾಗಿದ್ದು ಆಮೇಲೆ ಒಂದು ಆಕಾರದಲ್ಲಿ ಕೂತುಬಿಡುತ್ತವೆ. ಮೊಸರಿಗೆ ನಮ್ಮಲ್ಲಿ ಚಂದದ ಪದವಿದೆ: ಹೆಪ್ಪುಗಟ್ಟು. ‘ಮೊಸರು ಇನ್ನೂ ಸೆಟ್ ಆಗಿಲ್ಲ’ ಅಂತ ಈಗ ಮನೆಮನೆಯಲ್ಲೂ ಕೇಳಿಸುತ್ತದೆ. ಹಾಗಂದರೂ ತಪ್ಪೇನಿಲ್ಲ. ಆದರೆ ಹೆಪ್ಪು ಅನ್ನುವ ಪದ ಮಕ್ಕಳಿಗೆ ಗೊತ್ತಿರಲಿ ಅನ್ನುವ ಆಸೆ ನನಗಿದೆ.

ಸಿಮೆಂಟಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ತುಂಬ ಜನ ತಪ್ಪು ತಿಳಿಯುತ್ತಾರೆ. ಸೆಟ್ ಆಗುವುದು ಬೇರೆ, ಒಣಗುವುದು ಬೇರೆ. ಸಿಮೆಂಟು ನೀರಿನ ಜೊತೆ ರಾಸಾಯನಿಕವಾಗಿ ಸೇರಿಕೊಂಡು ಬಿಗಿಯಾಗುತ್ತದೆ. ನಮ್ಮ ದೇಶದ ಮಾನದಂಡದ ಪ್ರಕಾರ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟು ಕಲಸಿದ ಮೇಲೆ 30 ನಿಮಿಷಕ್ಕೆ ಮುಂಚೆ ಬಿಗಿಯಾಗಲು ಶುರುವಾಗಬಾರದು. 600 ನಿಮಿಷದೊಳಗೆ ಪೂರ್ತಿ ಬಿಗಿದಿರಬೇಕು. ಕಲಸಿದ್ದನ್ನು ಬೇಗ ಬೇಗ ಹಾಕಿ ಮುಗಿಸಿ ಅಂತ ಮೇಸ್ತ್ರಿ ಅವಸರ ಮಾಡುವುದು ಆ ಅರ್ಧ ಗಂಟೆಯ ಲೆಕ್ಕದಲ್ಲಿ. ಸೆಟ್ ಆದ ಮೇಲೂ ದಿನಗಟ್ಟಲೆ ನೀರು ಹಾಯಿಸುವುದು ಕ್ಯೂರಿಂಗಿಗೆ. ಒಣಗಲಿ ಅಂತ ಸುಮ್ನೆ ಬಿಟ್ಟರೆ ಬಿರುಕು ಬಿಡುತ್ತದೆ.

ಸೋಫಾ ಸೆಟ್, ಬಳೆ ಸೆಟ್, ಪಂಪ್‌ಸೆಟ್... ಇಲ್ಲಿ ಯಾರು ಯಾರನ್ನು ಕೂರಿಸಿದರು?

ಒಳ್ಳೆಯ ಪ್ರಶ್ನೆ. ಈ ‘ಸೆಟ್’ನ ಬೇರು ಬೇರೆ. ಇದು ಹಳೆಯ ಫ್ರೆಂಚ್ ಮೂಲಕ ಲ್ಯಾಟಿನ್‌ನಿಂದ ಬಂದದ್ದು. ಲ್ಯಾಟಿನ್‌ನಲ್ಲಿ ‘ಸೆಕ್ಟಾ’ ಅಂದರೆ ಒಬ್ಬರ ಹಿಂದೆ ನಡೆಯುವ ಗುಂಪು, ಪಂಥ. ಇಂಗ್ಲಿಷಿನ ‘ಸೆಕ್ಟ್’ ಕೂಡ ಅದೇ ಬೇರಿನದು. ಮೊದಲು ಜನರ ಗುಂಪಿಗೆ ಬಳಕೆಯಾಗಿ ಆಮೇಲೆ ಒಟ್ಟಿಗಿರುವ ವಸ್ತುಗಳಿಗೂ ಬಂತು. ಎರಡು ಪದಗಳ ಸದ್ದು ಒಂದೇ ಆದ್ದರಿಂದ ಕಾಲ ಕಳೆದಂತೆ ಒಂದರಲ್ಲೊಂದು ಬೆರೆತುಹೋದವು.

ಈ ಅರ್ಥವನ್ನು ನಮ್ಮ ಜನ ಪೂರ್ತಿ ತಮ್ಮದು ಮಾಡಿಕೊಂಡಿದ್ದಾರೆ. ರಮ್ಮಿ ಆಡುವಾಗ ಒಂದೇ ಅಂಕೆಯ ಬೇರೆ ಬೇರೆ ಗುರುತಿನ ಮೂರು ನಾಲ್ಕು ಎಲೆ ಸೇರಿದರೆ ಸೆಟ್. ಅಜ್ಜಿಗೆ ಹಲ್ಲು ಸೆಟ್ ಕಟ್ಟಿಸುತ್ತಾರೆ. ಹಳ್ಳಿಯಲ್ಲಿ ‘ಪಂಪ್‌ಸೆಟ್’ ಇಂಗ್ಲಿಷ್ ಅಂತ ಯಾರಿಗೂ ಅನ್ನಿಸುವುದೇ ಇಲ್ಲ. ಮೋಟರು ಮತ್ತು ಪಂಪು ಜೋಡಿಯಾಗಿ ಬರುವುದರಿಂದ ಅದು ಸೆಟ್. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗೆ ಉಚಿತ ವಿದ್ಯುತ್ ಇದೆ. ಪತ್ರಿಕೆಗಳಲ್ಲಿ ‘ಐಪಿ ಸೆಟ್’ ಅಂತ ಬರುವುದು ಇದೇ.

ಸೆಟ್ ದೋಸೆಗೆ ಆ ಹೆಸರು ಯಾಕೆ?

ಒಂದೇ ತಟ್ಟೆಯಲ್ಲಿ ಎರಡು ಮೂರು ದೋಸೆ ಒಟ್ಟಿಗೆ ಬರುತ್ತದೆ, ಅದಕ್ಕೆ. ಸಾಮಾನ್ಯವಾಗಿ ಮೂರು. ಹೆಸರು ಬಂದದ್ದು ಕೊಡುವ ರೀತಿಯಿಂದ, ಮಾಡುವ ರೀತಿಯಿಂದಲ್ಲ. ಆದರೆ ಈಗ ಆ ಹೆಸರಿಗೆ ಒಂದು ರುಚಿಯೂ ಅಂಟಿಕೊಂಡಿದೆ. ಸೆಟ್ ದೋಸೆ ಅಂದರೆ ದಪ್ಪ, ಮೆತ್ತಗೆ, ಮೇಲೆಲ್ಲಾ ತೂತು ತೂತು. ಹಿಟ್ಟಿಗೆ ಅವಲಕ್ಕಿ ಹಾಕುತ್ತಾರೆ. ಪಕ್ಕದಲ್ಲಿ ಸಾಗು, ಚಟ್ನಿ. ಮೂರು ಗರಿಗರಿ ಮಸಾಲೆ ದೋಸೆಯನ್ನು ಒಂದೇ ತಟ್ಟೆಯಲ್ಲಿಟ್ಟು ಕೊಟ್ಟರೂ ಅದನ್ನು ಯಾರೂ ಸೆಟ್ ದೋಸೆ ಅನ್ನುವುದಿಲ್ಲ. ಮನೆಯಲ್ಲಿ ಅಮ್ಮ ಒಂದೇ ಒಂದು ಮೆತ್ತನೆ ದೋಸೆ ಹುಯ್ದು ಕೊಟ್ಟರೂ ಅದು ಸೆಟ್ ದೋಸೆಯೇ. ಎಣಿಕೆಯ ಪದ ಹೀಗೆ ಗುಣದ ಪದವಾಯಿತು. ಒಂದು ಭಾಷೆಯ ಪದ ಇನ್ನೊಂದು ಭಾಷೆಗೆ ಬಂದು ಬೇರೆ ಬದುಕು ಶುರುಮಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಗಣಿತದ ‘ಸೆಟ್’ ಕೂಡ ಇದೇನಾ?

ಹೌದು, ಗುಂಪಿನ ಅರ್ಥದ್ದೇ. ಕನ್ನಡ ಪಠ್ಯಪುಸ್ತಕದಲ್ಲಿ ಅದಕ್ಕೆ ‘ಗಣ’ ಅನ್ನುತ್ತಾರೆ. ಉಪಗಣ, ಶೂನ್ಯ ಗಣ ಎಲ್ಲ ಅಲ್ಲಿಂದ ಬಂದವು. ಈ ಗಣಿತಕ್ಕೆ ಅಡಿಪಾಯ ಹಾಕಿದವರು ಜರ್ಮನಿಯಲ್ಲಿದ್ದ ಗೇಯೋರ್ಗ್ ಕ್ಯಾಂಟರ್. ಅವರ ಮೊದಲ ಮುಖ್ಯ ಲೇಖನ ಬಂದದ್ದು 1874ರಲ್ಲಿ. ದಿನನಿತ್ಯದ ಸೆಟ್‌ಗೂ ಇದಕ್ಕೂ ಒಂದು ವ್ಯತ್ಯಾಸ ನೆನಪಿಡಿ. ಗಣದಲ್ಲಿ ಯಾವುದು ಮೊದಲು ಯಾವುದು ಆಮೇಲೆ ಅನ್ನುವುದು ಲೆಕ್ಕಕ್ಕಿಲ್ಲ. 2, 2, 3 ಅಂತ ಬರೆದರೂ ಅದು 2 ಮತ್ತು 3 ಇರುವ ಗಣವೇ. ಜೊತೆಗೆ, ಗಣದಲ್ಲಿ ಇರುವುದಕ್ಕೆ ಒಂದಕ್ಕೊಂದು ಹೊಂದಿಕೆ ಇರಬೇಕಾಗಿಲ್ಲ. ಸೋಫಾ ಸೆಟ್‌ಗೆ ಮಾತ್ರ ಹೊಂದಿಕೆ ಬೇಕು!

ಟಿವಿ ಒಂದೇ ಇದ್ದರೂ ‘ಟಿವಿ ಸೆಟ್’ ಅನ್ನುವುದೇಕೆ?

ಹೊರಗೆ ಒಂದು ಪೆಟ್ಟಿಗೆ ಕಂಡರೂ ಒಳಗೆ ಹಲವು ಭಾಗಗಳು ಸೇರಿವೆ. ರೇಡಿಯೊ ಕಾಲದಿಂದಲೂ ಹೀಗೇ ಕರೆಯುತ್ತಿದ್ದರು. ಆ ಸೆಟ್ಟಿನ ತಲೆಯ ಮೇಲೆ ಇಡುವ ಪೆಟ್ಟಿಗೆ ‘ಸೆಟ್ ಟಾಪ್ ಬಾಕ್ಸ್’. ಈಗಿನ ಟಿವಿ ಗೋಡೆಗೆ ಅಂಟಿಕೊಂಡಿರುತ್ತದೆ, ಮೇಲೆ ಇಡಲು ಜಾಗವೇ ಇಲ್ಲ. ಹೆಸರು ಮಾತ್ರ ಹಾಗೇ ಉಳಿದಿದೆ.

ಭೂತಕಾಲದಲ್ಲಿ ‘ಸೆಟೆಡ್’ ಅನ್ನಬಹುದಾ?

ಇಲ್ಲ. ಸೆಟ್, ಸೆಟ್, ಸೆಟ್. ಪುಟ್, ಪುಟ್, ಪುಟ್ ಮತ್ತು ಕಟ್, ಕಟ್, ಕಟ್ ಜೊತೆಗೆ ಶಾಲೆಯಲ್ಲಿ ರಾಗವಾಗಿ ಹೇಳಿಸುತ್ತಿದ್ದರಲ್ಲ, ಅದೇ ಗುಂಪು. ಇವತ್ತಿಗೂ ನಿನ್ನೆಗೂ ಒಂದೇ ರೂಪ. ‘ಶೀ ಸೆಟ್’ ಅಂದರೆ ನಿನ್ನೆ, ‘ಶೀ ಸೆಟ್ಸ್’ ಅಂದರೆ ಇವತ್ತು ಅಥವಾ ದಿನಾ. ಆ ಒಂದು ‘ಸ್’ ಮೇಲೆ ಕಣ್ಣಿಡಿ. ‘ಸೆಟಿಂಗ್’ ಬರೆಯುವಾಗ ಎರಡು ‘ಟಿ’ ಬೇಕು.

‘ಸೆಟ್ ಆದ’ ಸರಿಯೋ ‘ಸೆಟ್ಲ್ ಆದ’ ಸರಿಯೋ?

‘ಮಗ ಅಮೆರಿಕದಲ್ಲಿ ಸೆಟ್ ಆಗಿದ್ದಾನೆ’ ಅಂತ ಹೇಳುವವರು ಹೇಳಬೇಕೆಂದಿರುವುದು ಸೆಟ್ಲ್. ನೆಲೆಸುವುದು, ನೆಲೆಯಾಗುವುದು ಅದರ ಅರ್ಥ. ಇದೂ ಕೂರುವ ಬೇರಿನದೇ. ಹಳೆಯ ಇಂಗ್ಲಿಷಿನಲ್ಲಿ ಅದರ ಮೂಲ ಪದಕ್ಕೆ ಪೀಠ, ಆಸನ ಅನ್ನುವ ಅರ್ಥವಿತ್ತು. ಕನ್ನಡದಲ್ಲಿ ಮಾತಾಡುವಾಗ ಎರಡರಲ್ಲಿ ಯಾವುದು ಬಂದರೂ ಕೇಳುವವರಿಗೆ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಬರೆಯುವಾಗ ಮಾತ್ರ ಬೇರೆ ಬೇರೆ ಇಟ್ಟುಕೊಳ್ಳಿ.

‘ನಂಗೂ ಅವನಿಗೂ ಸೆಟ್ ಆಗಲ್ಲ’ ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು?

‘ವೀ ಡೋಂಟ್ ಸೆಟ್’ ಅಂತ ಬರೆದರೆ ಇಂಗ್ಲಿಷಿನವರಿಗೆ ಅರ್ಥವಾಗುವುದಿಲ್ಲ. ಇದು ಪೂರ್ತಿ ನಮ್ಮ ಸೃಷ್ಟಿ. ಕನ್ನಡದ ಈ ‘ಸೆಟ್ ಆಗು’ ಹಿಂದೆ ನಮ್ಮ ‘ಕೂರು’ ಇದೆ ಅಂತ ನನ್ನ ನಂಬಿಕೆ. ಶರ್ಟು ಮೈಗೆ ಚೆನ್ನಾಗಿ ಕೂತಿದೆ ಅಂತೀವಿ, ಪಾಠ ತಲೆಯಲ್ಲಿ ಕೂತಿತು ಅಂತೀವಿ. ಹೊಂದಿಕೊಳ್ಳುವುದು ಅನ್ನುವ ಆ ಅರ್ಥವನ್ನೇ ‘ಸೆಟ್’ಗೂ ಕೊಟ್ಟಿದ್ದೇವೆ.

ಇಬ್ಬರು ಹೊಂದಿಕೊಳ್ಳದಿದ್ದರೆ ‘ಗೆಟ್ ಅಲಾಂಗ್’ ಬಳಸಿ. ಊರು, ಕೆಲಸ, ಬಣ್ಣ ಒಗ್ಗದಿದ್ದರೆ ‘ಸೂಟ್’. ಬಟ್ಟೆ ಅಳತೆಗೆ ಕೂರದಿದ್ದರೆ ‘ಫಿಟ್’. ಕಾಲೇಜಿನವರು ‘ಹುಡುಗಿ ಸೆಟ್ ಆದ್ಳು’ ಅನ್ನುವುದನ್ನು ಇಂಗ್ಲಿಷಿಗೆ ತರುವ ಮೊದಲು ಕನ್ನಡದಲ್ಲೇ ಬಿಡಬೇಕು. ಒಬ್ಬ ಹುಡುಗಿಯನ್ನು ಪಂಪಿನ ಹಾಗೆ ಜೋಡಿಸಿಕೊಳ್ಳುವ ಮಾತು ಅದು, ನನಗೆ ಇಷ್ಟವಿಲ್ಲ.

ಇದಕ್ಕೆ ತಿರುಗಾಮುರುಗಾ ಒಂದಿದೆ. ‘ಎಲ್ಲ ಸೆಟ್ಟಾ?’ ಅಂತ ನಾವು ಕೇಳುವುದು ಸರಿಯಾದ ಇಂಗ್ಲಿಷೇ. ‘ಆಲ್ ಸೆಟ್’ ಅಂದರೆ ಎಲ್ಲ ತಯಾರು. ಓಟದಲ್ಲಿ ‘ಆನ್ ಯುವರ್ ಮಾರ್ಕ್ಸ್’ ಆದ ಮೇಲೆ ‘ಸೆಟ್’ ಅನ್ನುವುದು ಇದೇ ಅರ್ಥದಲ್ಲಿ. 400 ಮೀಟರ್‌ವರೆಗಿನ ಓಟಗಳಿಗೆ ಮಾತ್ರ ಆ ‘ಸೆಟ್’ ಉಂಟು. ಅದಕ್ಕಿಂತ ಉದ್ದದ ಓಟದಲ್ಲಿ ‘ಮಾರ್ಕ್ಸ್’ ಆದ ಕೂಡಲೇ ಗುಂಡಿನ ಸದ್ದು.

‘ಅಪ್’, ‘ಆಫ್’, ‘ಇನ್’ ಸೇರಿದಾಗ ಅರ್ಥ ಯಾಕೆ ಅಷ್ಟು ಬದಲಾಗುತ್ತದೆ?

ಇದೇ ಎಲ್ಲರಿಗೂ ಕಷ್ಟದ ಜಾಗ. ಕೂರಿಸು ಅನ್ನುವುದಕ್ಕೆ ದಿಕ್ಕು ಸೇರಿದೆ ಅಂದುಕೊಳ್ಳಿ, ಅರ್ಧ ಕೆಲಸ ಆಗುತ್ತದೆ. ‘ಸೆಟ್ ಅಪ್’ ಅಂದರೆ ಮೇಲೆ ಎಬ್ಬಿಸಿ ನಿಲ್ಲಿಸುವುದು: ಅಂಗಡಿ ಇಡು, ಸಂಸ್ಥೆ ಕಟ್ಟು, ಪೆಂಡಾಲ್ ಹಾಕು. ‘ಸೆಟ್ ಔಟ್’ ಮತ್ತು ‘ಸೆಟ್ ಆಫ್’ ಎರಡಕ್ಕೂ ಹೊರಡು ಅನ್ನುವ ಅರ್ಥವಿದೆ. ‘ಸೆಟ್ ಆಫ್’ಗೆ ಪಟಾಕಿ ಸಿಡಿಸು ಅನ್ನುವುದೂ ಉಂಟು. ‘ಸೆಟ್ ಬ್ಯಾಕ್’ ಅಂದರೆ ಹಿನ್ನಡೆ. ಮನೆ ಕಟ್ಟುವಾಗ ಸೈಟಿನ ಸುತ್ತ ಬಿಡಬೇಕಾದ ಖಾಲಿ ಜಾಗಕ್ಕೂ ‘ಸೆಟ್‌ಬ್ಯಾಕ್’ ಅನ್ನುತ್ತಾರೆ.

‘ಸೆಟ್ ಇನ್’ ಅಂದರೆ ಬಂದು ನೆಲೆಯೂರುವುದು. ಮಳೆಗಾಲಕ್ಕೆ, ಚಳಿಗೆ, ಕೆಲವೊಮ್ಮೆ ಕಾಯಿಲೆಗೆ ಹೇಳುವ ಮಾತು. ಹವಾಮಾನ ಇಲಾಖೆ ಕೇರಳಕ್ಕೆ ಮುಂಗಾರು ಬಂತು ಅಂತ ಘೋಷಿಸುವಾಗ ಬಳಸುವುದು ಇದನ್ನೇ. ವಾಡಿಕೆಯ ದಿನ ಜೂನ್ 1. ಒಂದು ದಿನ ಸುರಿದು ಹೋದ ಮಳೆಗೆ ಈ ಮಾತು ಸಲ್ಲುವುದಿಲ್ಲ. ಬಂದದ್ದು ಕೂತುಕೊಳ್ಳಬೇಕು. ನಮ್ಮಲ್ಲಿ ‘ಮಳೆ ಹಿಡಿಯಿತು’ ಅಂತೀವಲ್ಲ, ಅದಕ್ಕೆ ತೀರಾ ಹತ್ತಿರ.

‘ಸೆಟ್ ಅಸೈಡ್’ ಬಗ್ಗೆ ಹುಷಾರಾಗಿರಿ. ಸಂಬಳದಲ್ಲಿ ಸ್ವಲ್ಪ ‘ಸೆಟ್ ಅಸೈಡ್’ ಮಾಡಿದೆ ಅಂದರೆ ಎತ್ತಿಟ್ಟೆ, ಜೋಪಾನ ಮಾಡಿದೆ ಅಂತ. ಆದೇಶವನ್ನು ಹೈಕೋರ್ಟ್ ‘ಸೆಟ್ ಅಸೈಡ್’ ಮಾಡಿತು ಅಂದರೆ ರದ್ದು ಮಾಡಿತು ಅಂತ. ಒಂದು ಉಳಿಸುವುದು, ಇನ್ನೊಂದು ಅಳಿಸುವುದು. ಒಮ್ಮೆ ಒಬ್ಬ ತಂದೆ ಜಮೀನಿನ ಕೇಸಿನ ಕಾಗದ ತಂದು ತೋರಿಸಿದರು. ಕೆಳಗಿನ ನ್ಯಾಯಾಲಯದ ಆದೇಶ ಅವರ ವಿರುದ್ಧ ಇತ್ತು. ಅದನ್ನು ಮೇಲಿನ ಕೋರ್ಟು ‘ಸೆಟ್ ಅಸೈಡ್’ ಮಾಡಿತ್ತು. ಅಂದರೆ ಗೆದ್ದಿದ್ದರು. ಆದರೆ ‘ಪಕ್ಕಕ್ಕೆ ಇಟ್ಟಿದ್ದಾರೆ, ಇನ್ನೂ ವಿಚಾರಣೆ ಮಾಡಿಲ್ಲ’ ಅಂತ ಅರ್ಥ ಮಾಡಿಕೊಂಡು ಎರಡು ದಿನದಿಂದ ಊಟ ಸರಿಯಾಗಿ ಮಾಡಿರಲಿಲ್ಲ. ವಕೀಲರನ್ನು ಕೇಳಿ ಖಚಿತ ಮಾಡಿಕೊಳ್ಳಿ ಅಂತ ಹೇಳಿ ಕಳಿಸಿದೆ. ಸಂಜೆ ಬಾಳೆಹಣ್ಣು ಹಿಡಿದುಕೊಂಡು ಬಂದರು. ಇಂಥ ಪದಗಳನ್ನು ಕಲಿಯಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಪರೀಕ್ಷೆಯ ಒಂದು ಅಂಕ ಹೋದರೆ ಹೋಗಲಿ. ಕೈಯಲ್ಲಿರುವ ಕಾಗದದ ಅರ್ಥ ತಿಳಿಯದೆ ಇಬ್ಬರು ಮೂವರು ನಿದ್ದೆ ಬಿಟ್ಟು ಕೂರುವುದು ನೋಡಲಾಗುವುದಿಲ್ಲ.

ಸಿನಿಮಾ ‘ಸೆಟ್ಟೇರಿತು’ ಅನ್ನುವುದು ಕನ್ನಡವೋ ಇಂಗ್ಲಿಷೋ?

ಅಪ್ಪಟ ಕನ್ನಡ ಅಂತಲೇ ಹೇಳುತ್ತೇನೆ. ಚಿತ್ರೀಕರಣಕ್ಕೆ ಕಟ್ಟುವ ಮನೆ, ಬೀದಿ, ಅರಮನೆ ಇವು ಸೆಟ್. ಇದಕ್ಕೆ ನಾವು ‘ಸೆಟ್ ಹಾಕು’ ಅನ್ನುತ್ತೇವೆ, ಚಪ್ಪರ ಹಾಕಿದ ಹಾಗೆ. ಸೆಟ್ಟು ಮತ್ತು ಏರು ಸೇರಿ ‘ಸೆಟ್ಟೇರು’ ಆಯಿತು, ಶುದ್ಧ ಲೋಪಸಂಧಿ. ಗದ್ದುಗೆ ಏರು, ಹಸೆಮಣೆ ಏರು ಇದ್ದ ಸಾಲಿಗೆ ಇದೂ ಬಂದು ಸೇರಿದೆ. ಚಿತ್ರೀಕರಣ ಶುರುವಾಯಿತು ಅನ್ನುವುದನ್ನು ಶುಭಕಾರ್ಯದ ಭಾಷೆಯಲ್ಲಿ ಹೇಳಿದ್ದಾರೆ. ಇಂಗ್ಲಿಷಿನಲ್ಲಿ ಇದಕ್ಕೆ ಸಮನಾದ ಒಂದು ಪದ ಇಲ್ಲ. ‘ಗೋಸ್ ಆನ್ ಫ್ಲೋರ್ಸ್’ ಅಂತ ನಮ್ಮ ದೇಶದ ಪತ್ರಿಕೆಗಳು ಬರೆಯುತ್ತವೆ.

ಟೆನಿಸ್‌ನಲ್ಲಿ ‘ನೇರ ಸೆಟ್‌ಗಳ ಗೆಲುವು’ ಅಂದರೇನು?

ಒಂದೂ ಸೆಟ್ ಬಿಟ್ಟುಕೊಡದೆ ಗೆಲ್ಲುವುದು. ಆರು ಗೇಮ್ ಗೆದ್ದರೆ ಒಂದು ಸೆಟ್, ಆದರೆ ಎದುರಾಳಿಗಿಂತ ಎರಡು ಗೇಮ್ ಮುಂದೆ ಇರಬೇಕು. 6-6 ಆದರೆ ಟೈಬ್ರೇಕರ್, ಅಂದರೆ ಸೆಟ್ಟನ್ನು ತೀರ್ಮಾನಿಸುವ ಒಂದು ಕೊನೆಯ ಗೇಮ್. ಕೊಡಗಿನ ರೋಹನ್ ಬೋಪಣ್ಣ 2024ರ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಫೈನಲನ್ನು ಮ್ಯಾಥ್ಯೂ ಎಬ್ಡೆನ್ ಜೊತೆ 7-6, 7-5ರಲ್ಲಿ ಗೆದ್ದರು. ಅದು ನೇರ ಸೆಟ್. ಆಗ ಅವರಿಗೆ 43 ವರ್ಷ. ಇದಕ್ಕೆ ತದ್ವಿರುದ್ಧ 2010ರ ವಿಂಬಲ್ಡನ್‌ನ ಇಸ್ನರ್ ಮತ್ತು ಮಾಹು ಆಟ. ಕೊನೆಯ ಸೆಟ್ಟಿಗೆ ಆಗ ಟೈಬ್ರೇಕರ್ ಇರಲಿಲ್ಲ, 70-68ರವರೆಗೆ ಎಳೆಯಿತು. ಆಟ ಮೂರು ದಿನ ನಡೆಯಿತು. ವಾಲಿಬಾಲ್‌ನಲ್ಲೂ ಸೆಟ್ ಇದೆ. ಬ್ಯಾಡ್ಮಿಂಟನ್‌ನಲ್ಲಿ ನಿಯಮದ ಪ್ರಕಾರ ಅದು ‘ಗೇಮ್’, ಆದರೂ ಜನ ಸೆಟ್ ಅಂತಲೇ ಹೇಳುತ್ತಾರೆ.

ಕೆ-ಸೆಟ್ ಪರೀಕ್ಷೆ, ಕ್ಯಾಸೆಟ್, ಶೆಟ್ಟಿ... ಇವೆಲ್ಲ ನೆಂಟರಾ?

ಯಾವುದೂ ಅಲ್ಲ. ಕೆ-ಸೆಟ್ ಸಹಾಯಕ ಪ್ರಾಧ್ಯಾಪಕರಾಗಲು ಬರೆಯುವ ರಾಜ್ಯ ಅರ್ಹತಾ ಪರೀಕ್ಷೆಯ ಮೊದಲಕ್ಷರಗಳು. ಕ್ಯಾಸೆಟ್ ಅಂದರೆ ಪುಟ್ಟ ಪೆಟ್ಟಿಗೆ, ಫ್ರೆಂಚ್ ಮೂಲದ್ದು. ಶೆಟ್ಟಿ ಸಂಸ್ಕೃತದ ‘ಶ್ರೇಷ್ಠಿ’ಯಿಂದ ಬಂದದ್ದು. ‘ಸೆಟೆದು ನಿಂತ’ ಅನ್ನುವಲ್ಲಿನ ಸೆಟೆ ನಮ್ಮದೇ ಪದ.

ತೋಟಗಾರಿಕೆ ಇಲಾಖೆಯವರು ‘ಫ್ರೂಟ್ ಸೆಟ್’ ಅನ್ನುತ್ತಾರೆ, ಅದೇನು?

ಹೂವು ಉದುರದೆ ಕಾಯಿ ಕಚ್ಚುವುದು. ಕಾಫಿ ಬೆಳೆಯುವವರಿಗೆ ಇದು ಜೀವದ ವಿಷಯ. ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ತೋಟ ಬೆಳ್ಳಗೆ ಅರಳುತ್ತದೆ. ಆಮೇಲೆ ಕೆಲವು ವಾರದಲ್ಲಿ ಇನ್ನೊಂದು ಮಳೆ ಬಿದ್ದರೇ ಕಾಯಿ ಚೆನ್ನಾಗಿ ಕಚ್ಚುತ್ತದೆ. ಕಬ್ಬಿನ ‘ಸೆಟ್’ ಬೇರೆ. ನಾಟಿಗೆ ಕತ್ತರಿಸುವ ಕಣ್ಣಿರುವ ತುಂಡು ಅದು. ಇಂಗ್ಲಿಷಿನಲ್ಲಿ ಬರೆಯುವಾಗ ಅದಕ್ಕೆ ಹೆಚ್ಚಾಗಿ ಎರಡು ‘ಟಿ’ ಹಾಕುತ್ತಾರೆ.

ಅನುವಾದ ಮಾಡುವಾಗ ‘ಸೆಟ್’ಗೆ ಯಾವ ಕನ್ನಡ ಪದ ಹಾಕಬೇಕು?

ಮುಂದೆ ಯಾವ ವಸ್ತು ಇದೆ ನೋಡಿ, ಅದಕ್ಕೆ ಮನೆಯಲ್ಲಿ ಯಾವ ಕ್ರಿಯಾಪದ ಬಳಸುತ್ತೀರಿ ನೆನಪಿಸಿಕೊಳ್ಳಿ. ಅಲಾರಾಂ ಇಡುತ್ತೇವೆ. ಬೆಂಕಿಯನ್ನೂ ಇಡುತ್ತೇವೆ, ಹಚ್ಚುತ್ತೇವೆ. ಬಲೆ ಒಡ್ಡುತ್ತೇವೆ. ಹಾಡಿಗೆ ರಾಗ ಹಾಕುತ್ತೇವೆ. ದಿನ ಗೊತ್ತು ಮಾಡುತ್ತೇವೆ. ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದರು. ಎಲ್ಲದಕ್ಕೂ ‘ಹೊಂದಿಸು’ ಹಾಕಿಬಿಟ್ಟರೆ ಓದುವವರಿಗೆ ಅದು ಕನ್ನಡ ಅನ್ನಿಸುವುದಿಲ್ಲ.

ಹೋದ ವರ್ಷ ಎಂಟನೇ ಕ್ಲಾಸಿನ ಒಬ್ಬಳು ‘ಸೆಟ್ ದ ಟೇಬಲ್ ಫಾರ್ ಡಿನ್ನರ್’ ಅನ್ನುವುದನ್ನು ‘ರಾತ್ರಿ ಊಟಕ್ಕಾಗಿ ಮೇಜನ್ನು ಹೊಂದಿಸು’ ಅಂತ ಬರೆದಿದ್ದಳು. ನಿಮ್ಮ ಮನೆಗೆ ನೆಂಟರು ಬಂದಾಗ ಅಡುಗೆ ಆದ ಮೇಲೆ ಅಮ್ಮ ನಿನಗೆ ಏನು ಹೇಳುತ್ತಾರೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ರಬ್ಬರ್ ತೆಗೆದುಕೊಂಡು ಬರೆದದ್ದನ್ನು ಪೂರ್ತಿ ಅಳಿಸಿ, ‘ಊಟಕ್ಕೆ ಎಲೆ ಹಾಕು’ ಅಂತ ಬರೆದಳು.